ಸಬೀನಳ ಮುರುಕು ಬೇಲಿ

ಗಂಡ ಸತ್ತ ಮೇಲೂ ಅವನ ಹೊಲ ಸಬೀನಳದೇ. ಮರುಮದುವೆಯಾದರೆ ಮಾತ್ರ ಅದು ಊರ ದೊರೆಯ ಪಾಲು, ಅದೇ ಅಲ್ಲಿಯ ಕಟ್ಟಳೆ. ಸಂತ ಮೈಕೆಲನ ಹಬ್ಬ ಬಂತೆಂದರೆ ದೊರೆಯ ಕಾರಭಾರಿ ಬಂದು, "ಏನವ್ವಾ, ಮದುವೆ ಗಿದುವೆ?" ಎನ್ನುತ್ತಾನೆ. "ಇಷ್ಟೊಂದು ಹೊಲ ಬಿಟ್ಟು ಒಂದು ಗಡ್ಡ ಕಟ್ಕೊಳ್ಳೋಕೆ ನಂಗೇನು ತಲೆ ಕೆಟ್ಟಿದ್ಯಾ?" ಎಂದು ಸಬೀನ ಊರಿಗೆಲ್ಲ ಕೇಳುವಂತೆ ನಗುತ್ತಾಳೆ. ಬಾರ್ಲಿ ತೆನೆಗಳನ್ನು ಹೆಸರಿಟ್ಟು ಮಾತಾಡಿಸುತ್ತಾಳೆ; ಆ ಹೊಲಕ್ಕೆ ಕಾಗೆಯೂ ಅವಳ ಅಪ್ಪಣೆ ಕೇಳಿಯೇ ಇಳಿಯಬೇಕು. ಇಂಥ ಅಚ್ಚುಕಟ್ಟಿನ ಹೆಂಗಸಿನ ಪಡುವಣ ಬೇಲಿ ಮಾತ್ರ ಸದಾ ಮುರಿದೇ ಇರುತ್ತದೆ. ಪಕ್ಕದ ಹೊಲದ ಥರ್ಸ್ಟನ್ ಕೊಡತಿ ಹಿಡಿದು ಬಂದು, "ನಿನ್ನ ಕುರಿಗಳಿಗೆ ದೆವ್ವ ಮೆಟ್ಕೊಂಡಿದೆ ಕಣೇ" ಎಂದು ಗೊಣಗುತ್ತ ಹೊತ್ತು ಮುಳುಗುವವರೆಗೂ ಗೂಟ ಬಡಿಯುತ್ತಾನೆ. ಅವಳು ಈಚೆ ನಿಂತು ಗೂಟ ಹಿಡಿದುಕೊಳ್ಳುತ್ತಾಳೆ. ಸೆವರ್ನ್ ಹೊಳೆಯ ಮಂಜು ಹೊಲದ ಮೇಲೆ ತೇಲುವ ನಸುಕಿನಲ್ಲಿ, ಕುರಿಗಳಿನ್ನೂ ಮಲಗಿರುವಾಗ, ಸಬೀನ ಬರಿಗಾಲಲ್ಲಿ ಬಂದು ಅದೇ ಗೂಟವನ್ನು ಮೆಲ್ಲಗೆ ಕೀಳುತ್ತಾಳೆ.