ಟೆಂಪ್ ಫೋಲ್ಡರಿನಲ್ಲಿ ಹುಳ ಆರಿಸಿದ್ದು

ಮನುಷ್ಯನ ದೊಡ್ಡತನ ಅವನು ಯಾವುದನ್ನು ಎಸೆಯಲು ಒಪ್ಪುವುದಿಲ್ಲ ಎಂಬುದರಲ್ಲಿದೆ. ಈ ಮಾತು ಹೊಳೆದಾಗ ನಾನೇನೂ ತಪಸ್ಸಿಗೆ ಕೂತಿರಲಿಲ್ಲ. ಕಂಪ್ಯೂಟರ್ ತೆರೆದುಕೊಳ್ಳಲಿ ಎಂದು ಕಾಯುತ್ತಾ ಎರಡನೇ ಲೋಟ ಕಾಫಿ ಮುಗಿಸಿದ್ದೆ.

ಮೇಷ್ಟರ ಕೆಲಸದಿಂದ ನಿವೃತ್ತನಾದ ವರ್ಷ ಕೊಂಡ ಯಂತ್ರ ಅದು. ಶಿಡ್ಲಘಟ್ಟದ ಅಂಗಡಿಯವರು ಅದರ ಬೆನ್ನು ತಟ್ಟಿ ನೋಡಿ ತೀರ್ಪು ಕೊಟ್ಟಿದ್ದರು: "ಡಿಸ್ಕ್ ತುಂಬೋಗಿದೆ ಸಾರ್, ಇದರ ಕತೆ ಮುಗೀತು. ಭಾನುವಾರ ನಿಮ್ಮ ಜಂಗಮಕೋಟೆ ಕಡೆ ಬರ್ತೀನಿ, ಹಳೇದು ಎತ್ಕೊಂಡು ಹೊಸದು ಇಟ್ಟು ಹೋಗ್ತೀನಿ."

ನನ್ನ ಹೆಂಡತಿ ತಕ್ಷಣ ಒಪ್ಪಿದಳು. ನಾನು ಒಪ್ಪಲಿಲ್ಲ. ತುಂಬಿತು ಎಂದು ಯಾರಾದರೂ ಮನೆ ಕೆಡವುತ್ತಾರೆಯೇ? ಗುಡಿಸುತ್ತಾರೆ. "ಭಾನುವಾರದೊಳಗೆ ಇದು ನೆಟ್ಟಗೆ ಓಡದಿದ್ರೆ ನಾನೇ ಎತ್ತಿ ನಿಮ್ಮ ಗಾಡೀಲಿ ಇಡ್ತೀನಿ" ಎಂದು ಸವಾಲು ಹಾಕಿದೆ. ಗುಡಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ, ಆ ಮಾತು ಬೇರೆ.

ಚಿಂತಾಮಣಿಯಿಂದ ಮಗಳು ಫೋನಿನಲ್ಲಿ ಹೇಳಿಕೊಟ್ಟಳು. "ಟೆಂಪ್ ಅಂತ ಫೋಲ್ಡರ್ ಇದೆ ಅಪ್ಪಾ. ಪ್ರೋಗ್ರಾಂಗಳು ಆಗಿನ ಕೆಲಸಕ್ಕೆ ಅಂತ ಇಟ್ಕೊಂಡು ಮರೆತುಬಿಟ್ಟಿರೋ ಫೈಲುಗಳು. ಎಲ್ಲಾ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತು. ಅಷ್ಟೇ."

'ಎಲ್ಲಾ' ಎಂದಳಲ್ಲ, ಅಲ್ಲೇ ನನ್ನ ತಕರಾರು. ನಾನು ರೇಷ್ಮೆ ಹುಳು ಸಾಕಿದ ಮನೆಯವನು. ಹುಳುವಿನ ತಟ್ಟೆಯಿಂದ ತೆಗೆದ ಕಸವನ್ನು ನೇರವಾಗಿ ತಿಪ್ಪೆಗೆ ಸುರಿಯಲು ಅಮ್ಮ ಬಿಡುತ್ತಿರಲಿಲ್ಲ. ತಿಂದುಳಿದ ಕಡ್ಡಿ, ಒಣಗಿದ ಸೊಪ್ಪು, ಹಿಕ್ಕೆ ಎಲ್ಲವನ್ನೂ ಹರಡಿ, ಅಡಗಿ ಕೂತ ಹುಳಗಳನ್ನು ಆರಿಸಿ ತಟ್ಟೆಗೆ ಮರಳಿಸಿದ ಮೇಲೆಯೇ ಅದು ಕಸವಾಗುತ್ತಿತ್ತು.

ಬುಧವಾರ ಬೆಳಗ್ಗೆ ಕೈಕಾಲು ತೊಳೆದು ಕೂತೆ. ಒಂದೊಂದೇ ಫೈಲ್ ತೆರೆದು ನೋಡುವುದು, ಮುಚ್ಚುವುದು. ಹೆಚ್ಚಿನವು ಯಾವ ಭಾಷೆಯೂ ಅಲ್ಲದ ಗುರುತುಗಳು. ಮೂರು ವರ್ಷದ ಹಿಂದೆ ಸತ್ತ ಪ್ರಿಂಟರಿನ ಸಾಮಾನೇ ನೂರಾರಿದ್ದವು.

"ಏನ್ರೀ, ಎಷ್ಟು ಹುಳ ಸಿಕ್ತು?" ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

"ಇನ್ನೂ ಇಲ್ಲ."

"ಹಿಂಗೇ ಕೂತಿದ್ರೆ ನೀವೇ ಗೂಡು ಕಟ್ತೀರ."

ಶುಕ್ರವಾರ ಮಗಳಿಗೆ ವಿಷಯ ತಿಳಿಯಿತು. "ಅಯ್ಯೋ ಅಪ್ಪಾ, ಸಾವಿರಾರು ಇರ್ತವೆ! ಒಂದೊಂದೇ ನೋಡ್ತಿದೀಯಾ?"

"ನೋಡ್ತಿದೀನಿ. ನಿಮ್ಮಜ್ಜಿ ಎಣಿಸಿಕೊಂಡು ಆರಿಸ್ತಿದ್ಲಾ?"

ಶನಿವಾರ ಸಂಜೆಗೆ ಕೊನೆಯದೂ ಮುಗಿಯಿತು. ಒಂದೂ ಜೀವ ಸಿಗಲಿಲ್ಲ. ಸೋತೆನೆಂದು ಯಾರೂ ಭಾವಿಸಬಾರದು: ನೋಡದೆ ಎಸೆದವನು ಬೇರೆ, ನೋಡಿ ಎಸೆದವನು ಬೇರೆ. ಎಲ್ಲವನ್ನೂ ಒಟ್ಟಿಗೆ ಹಿಡಿದು ಡಿಲೀಟ್ ಒತ್ತಿದೆ. ಎಲ್ಲಾ ಹೋದವು, ಒಂದರ ಹೊರತು. ಅದು ಬಳಕೆಯಲ್ಲಿದೆ, ಅಳಿಸಲಾಗದು ಎಂದು ಪರದೆ ಹೇಳಿತು.

"ಬಾರೇ ಇಲ್ಲಿ" ಎಂದು ಕೂಗಿದೆ. "ನೋಡು, ಒಂದು ಬದುಕಿದೆ."

ಅವಳು ಕನ್ನಡಕ ಏರಿಸಿ ನೋಡಿದಳು. "ಬಿಡಿ ಪಾಪ, ಮೇಯ್ಕೊಂಡಿರಲಿ."

ಭಾನುವಾರ ಅಂಗಡಿಯವರು ಹೊಸ ಪೆಟ್ಟಿಗೆಯೊಂದಿಗೆ ಬಂದರು. ಅವರನ್ನು ಕೂರಿಸಿ ಸ್ವಿಚ್ ಹಾಕಿದೆ. ಒಳಗಿಂದ ಕಾಫಿ ಬರುವ ಮೊದಲೇ ಕಂಪ್ಯೂಟರ್ ತೆರೆದುಕೊಂಡಿತು.

"ಏನ್ ಮಾಡಿದ್ರಿ ಸಾರ್?"

"ಕಸ ತೆಗೆದೆ."

"ನಾನೂ ಅದನ್ನೇ ಹೇಳೋಣ ಅಂತಿದ್ದೆ."

"ಹೇಳಲಿಲ್ಲವಲ್ಲಪ್ಪ."

ಅವರು ಕಾಫಿ ಕುಡಿದರು. ಹೊಸ ಪೆಟ್ಟಿಗೆ ಬಂದ ಗಾಡಿಯಲ್ಲೇ ಶಿಡ್ಲಘಟ್ಟಕ್ಕೆ ವಾಪಸ್ಸು ಹೋಯಿತು.