ಟಾರು ರಸ್ತೆಯ ಮೇಲೆ ವರಪರೀಕ್ಷೆ

ಮೂರನೆಯ ಸಲ ಗಂಡಿನ ಕಡೆಯವರು ನನ್ನನ್ನು ನೋಡಲು ಬರಬೇಕಿದ್ದ ದಿನ ನಾನು ತಾಳಗುಂದದ ಹೊಸ ಟಾರು ರಸ್ತೆಯ ಮೇಲೆ ಮೆಕ್ಕೆಜೋಳ ಒಣಗಿಸುತ್ತಿದ್ದೆ. ರಸ್ತೆಗೆ ಟಾರು ಬಿದ್ದದ್ದೇ ತಡ, ಊರಿನವರೆಲ್ಲ ಕಲ್ಲಿಟ್ಟು ಜಾಗ ಹಿಡಿದು ಅದನ್ನೇ ಕಣ ಮಾಡಿಕೊಂಡಿದ್ದರು. ನಮ್ಮ ಪಾಲಿಗೆ ಆಲದ ಮರದಿಂದ ಮೋರಿಯವರೆಗೆ. ಸೊರಬದ ಕುಪ್ಪಗಡ್ಡೆಯವರು ನಾಲ್ಕಕ್ಕೆ ಬರುತ್ತೇವೆಂದಿದ್ದರು. ಮೂರಕ್ಕೆ ಹೋಗಿ ಸೀರೆ ಉಟ್ಟರಾಯಿತೆಂದು, ನೈಟಿಯ ಮೇಲೆ ಅಪ್ಪನ ಹಳೇ ಅಂಗಿ ಹಾಕಿ, ತಲೆಗೆ ಟವೆಲ್ ಸುತ್ತಿ, ಚಿಕ್ಕಪ್ಪನ ಮಗಳ ಜೊತೆ ಕಾಲಿನಿಂದ ಕಾಳು ತಿರುವುತ್ತಿದ್ದೆ.

ಹೆಣ್ಣು ನೋಡುವ ಶಾಸ್ತ್ರ ಕಂಡರೆ ನನಗೆ ಆಗುತ್ತಿರಲಿಲ್ಲ. ಹಿಂದಿನ ಎರಡು ಸಲವೂ ತಟ್ಟೆ ಹಿಡಿದು ಬಂದೆ, ತಲೆ ತಗ್ಗಿಸಿ ಕೂತೆ, ಎದ್ದು ಹೋದೆ. ಆ ಗಂಡುಗಳ ಕಾಲುಚೀಲ ಬಿಟ್ಟು ಬೇರೇನೂ ನೋಡಿದ ನೆನಪಿಲ್ಲ. ಹುಡುಗಿ ಒಪ್ಪಿಗೆಯೇ ಎಂದು ಅವರನ್ನು ಕೇಳಿದರು, ನನ್ನನ್ನು ಯಾರೂ ಕೇಳಲಿಲ್ಲ. ಪುಣ್ಯಕ್ಕೆ ಅವರೇ ಬೇಡ ಅಂದರು. ಈ ಸಲದವನು ಹೂಂ ಅಂದುಬಿಟ್ಟರೆ? ಅದೇ ನನ್ನ ಹೆದರಿಕೆ.

ಎರಡು ಗಂಟೆಗೇ ಒಂದು ಬಿಳಿ ಕಾರು ನಮ್ಮ ಜೋಳದ ಮುಂದೆ ಬಂದು ನಿಂತಿತು. ಯುವಕನೊಬ್ಬ ಇಳಿದು, ಅಪ್ಪನ ಹೆಸರು ಹೇಳಿ, ಅವರ ಮನೆ ಎಲ್ಲಿ ಎಂದು ಕೇಳಿದ. ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆಯುಟ್ಟ ಅವನಮ್ಮ. ಇಬ್ಬರಿಗೂ ನನ್ನ ಗುರುತು ಸಿಗಲಿಲ್ಲ. ವಾಟ್ಸಾಪಿನಲ್ಲಿ ಕಳಿಸಿದ ಫೋಟೋದಲ್ಲಿ ನನ್ನ ಗುರುತು ನನಗೇ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಮೋಡ ಕಪ್ಪಾಗಿ ಟಪ್ಪೆಂದು ಒಂದು ಹನಿ ಬಿತ್ತು.

ನಾನೂ ಈ ತಂಗಿಯೂ ಜನರೆದುರು ಗುಟ್ಟು ಮಾತಾಡುವುದು ಇಂಗ್ಲಿಷಿನಲ್ಲಿ. ಸಂದರ್ಭದ ಲಾಭ ಹೊಡೆಯುವುದಕ್ಕೆ ಹೇಳುವ ನುಡಿಗಟ್ಟೊಂದನ್ನು ಕಾಲೇಜಿನಲ್ಲಿ ಕಲಿತಿದ್ದೆ, ಒಮ್ಮೆಯೂ ಬಳಸಿರಲಿಲ್ಲ. ಈಗ ತಾನಾಗಿ ಬಾಯಿಗೆ ಬಂತು.

"ಲೆಟ್ ಅಸ್ ಕ್ಯಾಶ್ ಇನ್ ಆನ್ ದಿಸ್ ಫೆಲೋ," ಎಂದು ತಂಗಿಗೆ ಹೇಳಿ ಅವನತ್ತ ತಿರುಗಿದೆ. "ಕಾಳು ತೆಗಿಯೋ ತನಕ ಕಾರು ಹೋಗಂಗಿಲ್ಲ ಬಿಡ್ರಿ. ಆ ಕಸಬರಿಗೆ ತಗೊಂಡು ಒಂದ್ ಕಡಿಂದ ಗುಡಿಸ್ಕ್ಯಂತ ಬರ್ರಿ!"

ಅವನು ಇಸ್ತ್ರಿ ಪ್ಯಾಂಟನ್ನು ಮಂಡಿಯವರೆಗೆ ಮಡಿಸಿದ. ಗುಡಿಸಿದ, ಬಾಚಿದ, ರಾಶಿ ಹಾಕಿದ. ಅವನಮ್ಮ "ಅಯ್ಯೋ ಮಾರಾಯ್ತಿ, ಜೋಳ ನೆನೆದ್ರೆ ಮೊಳಕೆ ಬರ್ತದೆ" ಎನ್ನುತ್ತ ಸೆರಗು ಸಿಕ್ಕಿಸಿಕೊಂಡು ಬಂದು, ರಾಶಿಗೆ ಹೊದಿಸಿದ ತಾಡಪಾಲಿನ ತುದಿಯ ಮೇಲೆ ಕೂತೇಬಿಟ್ಟರು. ಗಾಳಿಗೆ ತಾಡಪಾಲು ಅವರ ಸಮೇತ ಹಾರುವಂತಿತ್ತು. ನಾನು ಅವನನ್ನು ಕಣ್ತುಂಬ ನೋಡಿದೆ. ಕಾಳಿನ ಮೇಲೆ ತಾನೇ ಜಾರಿ ಬಿದ್ದಾಗ ಮೊದಲು ನಕ್ಕವನು ಅವನೇ. ಮೋರಿಯ ಹತ್ತಿರ ಉಳಿದಿದ್ದ ಒಂದು ಬೊಗಸೆ ಕಾಳಿಗಾಗಿ ಮಳೆಯಲ್ಲಿ ಮತ್ತೆ ಓಡಿದವನೂ ಅವನೇ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಸುಳ್ಳೇಕೆ, ಅವನು ಇಷ್ಟವಾಗಿಬಿಟ್ಟ.

ಅವರಿಗೆ ಊರು ಸುತ್ತಿ ಬರುವ ದಾರಿ ತೋರಿಸಿ, ನಾನು ಗದ್ದೆ ಬದುವಿನ ಮೇಲೆ ಓಡಿ ಹಿತ್ತಿಲಿಂದ ಮನೆ ಸೇರಿದೆ. ಸೀರೆ ಸುತ್ತಿಕೊಂಡು, ಕೇಸರಿಬಾತಿನ ತಟ್ಟೆ ಹಿಡಿದು ಹೊರಬಂದಾಗ ಕೂದಲಲ್ಲಿನ್ನೂ ಜೋಳದ ಹೊಟ್ಟಿತ್ತು.

"ಅಯ್ಯೋ, ನಮ್ಮ ಹತ್ರ ಜೋಳ ಬಾಚಿಸಿದ್ದು ಇದೇ ಹುಡುಗಿ ಅಲ್ವಾ!" ಎಂದರು ಅವನಮ್ಮ.

ಅಪ್ಪನ ಮುಖ ಬಿಳಿಚಿಕೊಂಡಿತು. ಮಾತು ಮರೆಸಲು, ಹುಡುಗಿ ಒಪ್ಪಿಗೆಯೇ ಎಂದು ಅವನನ್ನು ಕೇಳಿಯೇಬಿಟ್ಟರು.

"ನಂದು ಆಮೇಲೆ ಹೇಳ್ತೇನೆ. ಮೊದ್ಲು ಅವ್ರನ್ನ ಕೇಳಿ," ಎಂದ ಅವನು. "ಕ್ಯಾಶ್ ಇನ್ ಮಾಡ್ಕೊಂಡು ನನ್ನನ್ನ ಸರಿಯಾಗಿ ನೋಡಿದವ್ರು ಅವ್ರು."

ನಾಲಿಗೆ ಕಚ್ಚಿಕೊಂಡೆ. ಆ ಮಾತು ಅರ್ಥವಾಗಿಯೇ ಅವನು ಕಸಬರಿಗೆ ಹಿಡಿದಿದ್ದ!

ಅಪ್ಪ ನನ್ನ ಕಡೆ ತಿರುಗಿದರು. "ಏನವ್ವಾ, ನಿಂಗೆ ಒಪ್ಪಿಗೇನಾ?"

ತಟ್ಟೆ ಕೆಳಗಿಟ್ಟೆ. ತಲೆ ತಗ್ಗಿಸದೆ, ಅವನನ್ನೇ ನೋಡುತ್ತ, ಹೂಂ ಅಂದೆ.