ಹುಲಿಯಮ್ಮನ ಎಂಟು ಮೊಳದ ಗೋಡೆ

ಅಜ್ಜಂಪುರದ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ಹುಲಿಯಮ್ಮನ ಮೊಳ ಗಿಡ್ಡ. ಊರಿಗೆಲ್ಲ ಗೊತ್ತಿರುವ ಸಂಗತಿ ಇದು. ಹೂವು ಮೊಣಕೈ ಮುಟ್ಟುವ ಮೊದಲೇ "ಒಂದು" ಅಂದುಬಿಡುತ್ತಾಳೆ. ಯಾರಾದರೂ ತಕರಾರು ತೆಗೆದರೆ, "ನನ್ ಕೈ ಇರೋದೇ ಇಷ್ಟುದ್ದ ಕಣ್ರೀ, ದೇವ್ರನ್ನ ಕೇಳ್ಕೊಳ್ಳಿ" ಎಂದು ಬಾಯಿ ಮುಚ್ಚಿಸಿ, ಬಾಳೆ ಎಲೆಗೆ ಸುತ್ತಿ ಕೊಡುತ್ತಾಳೆ. ಇಷ್ಟೆಲ್ಲ ಗೊತ್ತಿದ್ದೂ ಆಕೆಯ ಅಳತೆ ನಂಬಿದ ಬೆಪ್ಪುತಕ್ಕಡಿ ನಾನು.

ನನ್ನದು ವಾಲ್‌ಪೇಪರ್ ಅಂಗಡಿ. ಕಳೆದ ಶ್ರಾವಣದ ಒಂದು ಮಧ್ಯಾಹ್ನ ಹುಲಿಯಮ್ಮ ಬುಟ್ಟಿ ಸಮೇತ ಬಂದು ಕೂತಳು. ಜಲಪಾತ, ಏಳು ಕುದುರೆ, ಬುದ್ಧ ಎಲ್ಲ ತೋರಿಸಿದೆ.

"ಜನ ಇರೋದು ಇಲ್ವೇನಪ್ಪಾ ತೀರ್ಥೇಶ?"

"ಜನರನ್ನ ಯಾರಕ್ಕ ಗೋಡೆಗೆ ಅಂಟಿಸ್ಕೊತಾರೆ?"

ಆಕೆ ಬುಟ್ಟಿಯ ತಳದಿಂದ ಒಂದು ಫೋಟೊ ತೆಗೆದಳು. ಅಕ್ಕನ ಮಗಳು ಮಧುಶ್ರೀಯ ಮದುವೆಯದು. ಸಾಲಾಗಿ ಐದು ಜನ. ಎಡತುದಿಗೆ ಹುಲಿಯಮ್ಮ, ಬಲತುದಿಗೆ ಅಕ್ಕ ಸಾವಿತ್ರಮ್ಮ, ನಡುವೆ ಮದುಮಕ್ಕಳು, ಭಾವ ರಾಮಯ್ಯ.

ಗಂಡ ಬಿಟ್ಟುಹೋದ ಮೇಲೆ ಮೂವತ್ತು ವರ್ಷ ಆಕೆ ಬಾಳಿದ್ದು ಇವರೊಂದಿಗೇ. ಮೊದಲು ಭಾವ ಹೋದ. ಹೋದ ವರ್ಷ ಅಕ್ಕನೂ ತೀರಿಕೊಂಡಳು. ಮಧುಶ್ರೀಯ ಗಂಡನ ಮನೆ ಹೊಸದುರ್ಗದ ಕಡೆ. ಬಂದರೆ ಹಬ್ಬಕ್ಕೆ, ಇಲ್ಲದಿದ್ದರೆ ಅದೂ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಡೀ ದಿನ ಬಾಯಿ ಮಾಡುವ ಹೆಂಗಸಿಗೆ ಮನೆಯಲ್ಲಿ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ.

"ಉಣ್ಣೋಕೆ ಕೂತ್ರೆ ಎದುರಿಗೆ ಬರೀ ಗೋಡೆ ಕಣಪ್ಪ. ತುತ್ತು ಇಳಿಯಲ್ಲ. ಇವ್ರೆಲ್ಲ ಆಳುದ್ದ ನಿಂತಿದ್ರೆ ಒಂದಿಷ್ಟು ಉಣ್ತೀನೇನೋ."

ಅಳತೆಗೆ ನಾನೇ ಹೋಗಬೇಕಿತ್ತು. ತರೀಕೆರೆಯಲ್ಲಿ ಒಂದು ಹೋಟೆಲಿನ ಕೆಲಸ ಹಿಡಿದಿದ್ದೆ, ಸೋಮಾರಿತನ ಬೇರೆ. "ನೀನೇ ಅಳೆದು ಹೇಳಕ್ಕ" ಅಂದೆ. ಮಾರನೆಯ ದಿನ ಬಂದು "ಅಗಲ ಎಂಟು ಮೊಳ" ಅಂದಳು. ಮೊಳಕ್ಕೆ ಒಂದೂವರೆ ಅಡಿ, ಒಟ್ಟು ಹನ್ನೆರಡು ಅಡಿ ಎಂದು ಬರೆದು, ಫೋಟೊ ದೊಡ್ಡದು ಮಾಡಿ ವಾಲ್‌ಪೇಪರಾಗಿ ಪ್ರಿಂಟ್ ಹಾಕಿಸಲು ಕಳಿಸಿಬಿಟ್ಟೆ.

ಅಂಟಿಸಲು ಹೋದ ದಿನ ಟೇಪು ಹಿಡಿದರೆ ಗೋಡೆ ಬರೀ ಹತ್ತು ಅಡಿ!

"ಅಯ್ಯೋ ಅಕ್ಕ, ನಿನ್ ಗೋಡೆಗೂ ಹೂವಿನ ಮೊಳನೇ ಹಾಕಿದ್ಯಾ?" ಎಂದು ರೇಗಿದೆ.

"ಇನ್ಯಾವ ಮೊಳ ಹಾಕ್ಲಪ್ಪ? ನಂಗೆ ಬರೋದು ಅದೊಂದೇ," ಅಂದಳು.

ಚಿತ್ರದ ಮೇಲಿನ ಚಪ್ಪರ, ಕೆಳಗಿನ ಜಮಖಾನ ಕತ್ತರಿಸಿ ಎತ್ತರವನ್ನೇನೋ ಸರಿಮಾಡಬಹುದಿತ್ತು. ಅಗಲಕ್ಕೆ ಮಾತ್ರ ಒಂದು ತುದಿಯಿಂದ ಒಬ್ಬರು ಹೋಗಲೇಬೇಕು. ಅಕ್ಕ, ಇಲ್ಲವೇ ತಂಗಿ. ನನ್ನ ಮೇಲೆ ನನಗೇ ಸಿಟ್ಟು ಬಂತು.

"ತಪ್ಪು ನಂದು. ಬೇರೆ ಮಾಡ್ಸಿಕೊಡ್ತೀನಿ. ಎಂಟು ದಿನ ತಡ್ಕೊ."

"ಎಂಟ್ ದಿನಾನಾ? ಇವತ್ತು ಬತ್ತಾರೆ ಅಂತ ಅನ್ನ, ಸಾರು ಮಾಡಿಟ್ಟಿದೀನಿ ಕಣಪ್ಪ. ನನ್ನನ್ನೇ ಕತ್ತರ್ಸು."

"ಏನಕ್ಕ ನೀನು! ನಿನ್ ಮನೆ ಗೋಡೇಲಿ ನೀನೇ ಇಲ್ದಂಗೆ..."

"ನನ್ ಮುಖ ನೋಡ್ಕೊಳ್ಳೋಕೆ ಕನ್ನಡಿ ಐತೆ. ಅವ್ರನ್ನ ನೋಡೋಕೆ ಇನ್ನೇನೈತೆ ನಂಗೆ?"

ಚಾಕು ಹಿಡಿದ ನನ್ನ ಕೈ ಮೇಲೇಳಲಿಲ್ಲ. ಹುಲಿಯಮ್ಮ ಅದನ್ನು ಇಸಕೊಂಡು ನೆಲಕ್ಕೆ ಮಂಡಿಯೂರಿದಳು. ಮೇಲಿಂದ ಕೆಳಗಿನವರೆಗೆ, ಒಂದೇ ಸಮ, ತನ್ನನ್ನು ತಾನೇ ಕತ್ತರಿಸಿ ಪಕ್ಕಕ್ಕಿಟ್ಟಳು.

"ಬೇಗ ಅಂಟ್ಸಪ್ಪ," ಅಂದಳು. "ಅನ್ನ ಆರೋಗುತ್ತೆ."